ಕೇಳದೆಯೂ ದೊರೆಯಬೇಕಾದ ತೆರಿಗೆ ರಿಯಾಯಿತಿ

ನಮ್ಮ ಬೀದಿಯ ತುದಿಮನೆಯ ವೃದ್ಧೆಯೊಬ್ಬರು, ಪತಿಯ ಕಾಲದಿಂದಲೂ ಕಂದಾಯದ ರಸೀದಿಗಳನ್ನು ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ವರ್ಷವಾರು ಮಡಿಸಿಟ್ಟುಕೊಂಡು ಬಂದವರು, ಕಳೆದ ಏಪ್ರಿಲ್ ಮಾಸದಲ್ಲಿ ಆ ಡಬ್ಬಿಯನ್ನೇ ತಂದು ನನ್ನೆದುರಿಗಿರಿಸಿ, "ಇಷ್ಟೊಂದು ಯಾಕಪ್ಪ ಬರ್ತಿದೆ, ಸ್ವಲ್ಪ ನೋಡು" ಎಂದರು. ನೋಡಿದರೆ, ಮಹಡಿಯ ಬಾಡಿಗೆದಾರರು ಮನೆ ಬಿಟ್ಟು, ಆ ವೃದ್ಧೆಯ ಮಗನೇ ಸಂಸಾರಸಮೇತ ಅಲ್ಲಿ ನೆಲೆಸಿ ಆರು ವರ್ಷಗಳು ಸಂದಿದ್ದರೂ, ಆ ಮಹಡಿಗೆ ಇಂದಿಗೂ ಬಾಡಿಗೆಮನೆಯ ದರದಲ್ಲಿಯೇ ತೆರಿಗೆ ಸಲ್ಲುತ್ತಿತ್ತು.

ಇದರ ಮೂಲವನ್ನು ಅರಿಯಬೇಕಾದರೆ ಬೆಂಗಳೂರಿನ ತೆರಿಗೆಯ ಲೆಕ್ಕವನ್ನು ತುಸು ಬಿಡಿಸಿ ನೋಡಬೇಕು. 2008-09ರಲ್ಲಿ ಜಾರಿಗೆ ಬಂದ ಘಟಕ ವಿಸ್ತೀರ್ಣ ಮೌಲ್ಯ ಪದ್ಧತಿಯಲ್ಲಿ ನಗರವನ್ನು ಆರು ವಲಯಗಳಾಗಿ ವಿಂಗಡಿಸಿ, ಚದರಡಿಯ ಮಾಸಿಕ ದರವನ್ನು ಹತ್ತು ತಿಂಗಳಿಗೆ ಗುಣಿಸಿ, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆದು, ಉಳಿದುದರ ಶೇ. 20ರಷ್ಟನ್ನು ವಾಸದ ಮನೆಯ ತೆರಿಗೆಯೆಂದು ಗೊತ್ತುಮಾಡಲಾಯಿತು. ಅದರ ಮೇಲೆ ಉಪಕರಗಳು ಬೇರೆ. ಅಂದಿನ 'ಎ' ವಲಯದ ಆರ್‌ಸಿಸಿ ಮನೆಗೆ ಒಡೆಯನು ತಾನೇ ವಾಸವಿದ್ದರೆ ದರ 2.50 ರೂಪಾಯಿ, ಬಾಡಿಗೆಗೆ ಕೊಟ್ಟಿದ್ದರೆ 5 ರೂಪಾಯಿ. ಎಂದರೆ ಸ್ವವಾಸವೆಂಬ ಒಂದು ಪದವೇ ತೆರಿಗೆಯನ್ನು ಅರ್ಧಕ್ಕಿಳಿಸಬಲ್ಲುದು.

ಆದರೆ ಆ ಪದವನ್ನು ನಾವೇ ಬರೆದು ತಿಳಿಸಬೇಕು. ಇದು ಸ್ವಯಂಘೋಷಣೆಯ ಪದ್ಧತಿ. ಹಿಂದಿನ ವರ್ಷಕ್ಕಿಂತ ಏನೂ ಬದಲಾಗಿಲ್ಲವೆನ್ನುವವರಿಗೆ ನಮೂನೆ 4, ವಿಸ್ತೀರ್ಣವೋ ಬಳಕೆಯೋ ವಾಸದ ಸ್ಥಿತಿಯೋ ಬದಲಾದವರಿಗೆ ನಮೂನೆ 5. ಆ ತಾಯಿಯ ಪರವಾಗಿ ತೆರಿಗೆ ಕಟ್ಟಿಬರುತ್ತಿದ್ದವರು ಸುಲಭವೆಂದು ವರ್ಷವರ್ಷವೂ ನಮೂನೆ 4ನ್ನೇ ತುಂಬಿದ್ದರು.

ಆದುದರಿಂದ ತೆರಿಗೆ ಕಟ್ಟುವ ಮುನ್ನ ಹಳೆಯ ರಸೀದಿಯಲ್ಲಿ ವಲಯ, ವಿಸ್ತೀರ್ಣ, ಕಟ್ಟಡದ ವಯಸ್ಸು, ವಾಸದ ಬಗೆ ಇವನ್ನು ಕಣ್ಣಾರೆ ನೋಡಿಕೊಳ್ಳಿರಿ. ವ್ಯತ್ಯಾಸ ಕಂಡಲ್ಲಿ ನಮೂನೆ 5ನ್ನು ಸಲ್ಲಿಸಿ, ಖಾತೆಯ ಪ್ರತಿ, ವಿದ್ಯುತ್ ಬಿಲ್ಲು, ಬಾಡಿಗೆ ಕರಾರು ಮುಗಿದುದರ ಪತ್ರ ಮುಂತಾದುವನ್ನು ಕೈಯಲ್ಲಿಟ್ಟುಕೊಳ್ಳುವುದು ಕ್ಷೇಮ. ನಿಮ್ಮ ಮನೆಯ ಕಡತದಲ್ಲಿ ಏನಿದೆಯೆಂದು ಅರಿಯಲು 2005ರ ಮಾಹಿತಿ ಹಕ್ಕು ಕಾಯಿದೆಯನ್ವಯ ಅರ್ಜಿ ಹಾಕಿದರೆ, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕೆಂಬ ನಿಯಮವಿದೆ. ಬಾಡಿಗೆದಾರರಿರುವಾಗಲೇ ಸ್ವವಾಸವೆಂದು ಬರೆಯುವುದು ಮಾತ್ರ ಸಲ್ಲದು. ವ್ಯತ್ಯಾಸದ ಹಣದೊಡನೆ ದಂಡವೂ ಬಡ್ಡಿಯೂ ತಲೆಗೇರುವುವು.

ಇಷ್ಟನ್ನು ಹೇಳಿಯೂ ನನ್ನ ಮನಸ್ಸು ಒಪ್ಪದು. ಕಾನೂನೇ ಒದಗಿಸಿದ ಸವಲತ್ತು ನಮೂನೆಯ ಸಂಖ್ಯೆಯನ್ನು ಬಲ್ಲವರಿಗಷ್ಟೇ ದಕ್ಕುವುದು ನ್ಯಾಯವೇ? ನಮೂನೆ 4ರ ಆರಂಭದಲ್ಲಿಯೇ "ಈ ಮನೆಯಲ್ಲಿ ಈಗ ಯಾರು ವಾಸವಾಗಿದ್ದಾರೆ?" ಎಂಬ ಒಂದು ಪ್ರಶ್ನೆಯನ್ನು ಕೇಳಿ, ಉತ್ತರಕ್ಕೆ ತಕ್ಕಂತೆ ದರವನ್ನು ತಾನಾಗಿಯೇ ತಿದ್ದುವ ಏರ್ಪಾಡು ಕಷ್ಟಸಾಧ್ಯವೇನಲ್ಲ. 2025ರಲ್ಲಿ ನಗರದ ಆಡಳಿತವು ಐದು ಪಾಲಿಕೆಗಳಾಗಿ ಹಂಚಿಹೋಗಿರುವ ಈ ಹೊತ್ತು ಅದಕ್ಕೆ ತಕ್ಕ ಸಮಯವೆಂದೇ ನಾನು ನಂಬಿದ್ದೇನೆ.

ಏಪ್ರಿಲ್ ಮುಗಿಯುವುದರೊಳಗಾಗಿ ವರ್ಷದ ತೆರಿಗೆಯನ್ನು ಪೂರ್ಣವಾಗಿ ಕಟ್ಟಿದವರಿಗೆ ದೊರೆಯುವ ಶೇ. 5ರ ರಿಯಾಯಿತಿಯೂ ಸೇರಿದ ಹೊಸ ರಸೀದಿಯನ್ನು ಆ ತಾಯಿ ಎರಡು ಸಲ ಓದಿಸಿಕೊಂಡು, 'ಸ್ವವಾಸ' ಎಂದಿದ್ದೆಡೆ ಬೆರಳಿಟ್ಟು ನೋಡಿ, ನಾಲ್ಕಾಗಿ ಮಡಿಸಿ ಡಬ್ಬಿಯಲ್ಲಿಟ್ಟರು.