ಬಾಗಿಲ ಮೇಲೊಂದು ಪುಷ್ಪಚಕ್ರ

ಕಳೆದ ವರ್ಷ ಆಗಮನ ಕಾಲದಲ್ಲಿ ನಮ್ಮ ಧರ್ಮಕೇಂದ್ರದ ಮಹಿಳೆಯರು ಜಾಲರಿ ಹೂಗಳ ಪುಷ್ಪಚಕ್ರ ಮಾಡಲು ಕಲಿತರು. ಕ್ರಿಸ್ತಜಯಂತಿಗೆ ಮುಂಬಾಗಿಲಿಗೆ ತೂಗುಹಾಕಬೇಕೆಂಬುದು ಅವರ ಆಸೆ. ಮನೆಗಳ ಭೇಟಿಗೆ ಹೋದಾಗ ಒಂದು ಬಾಗಿಲಲ್ಲಿ ಮೊಳೆ ಮಾತ್ರ ಇತ್ತು. ಸೊಸೆಯ ಮುಖ ಸಪ್ಪಗಿತ್ತು. ಅತ್ತೆಯೇ ಮಾತು ತೆಗೆದರು:

“ನಮ್ಮ ಯಜಮಾನ್ರ ಪೆಟ್ಟಿಗೆ ಮೇಲೆ ಇಟ್ಟಿದ್ದು ಇಂಥದ್ದೇ ಅಲ್ವಾ ಸ್ವಾಮಿ? ಅದನ್ನ ಬಾಗಿಲಿಗೆ ಕಟ್ಟಿ ಹಬ್ಬ ಮಾಡೋದಾ?”

ತಟ್ಟನೆ ಉತ್ತರ ಹೊಳೆಯಲಿಲ್ಲ. ಅದು ಯುರೋಪಿನ ಪದ್ಧತಿ ಎಂದು ಏನೋ ಹೇಳಿ, ಕಾಫಿ ಕುಡಿದು ಎದ್ದು ಬಂದೆ.

ಅಜ್ಜಿಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮಲ್ಲಿ ಶುಭಕಾರ್ಯಕ್ಕೆ ಬಾಗಿಲಿಗೆ ಬರುವುದು ಮಾವಿನೆಲೆಯ ತೋರಣ. ದುಂಡನೆಯ ಹೂಚಕ್ರವನ್ನು ನಾವು ನೋಡುವುದು ಶವಪೆಟ್ಟಿಗೆಯ ಮೇಲೆ, ಇಲ್ಲವೇ ಹುತಾತ್ಮರ ಸ್ಮಾರಕದ ಮುಂದೆ. ಆದರೆ ಈ ಅಳುಕು ಹೊಸದಲ್ಲ ಎಂಬುದು ಆಮೇಲೆ ನೆನಪಾಯಿತು. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಕೊರಿಂಥದ ಸೇನಾಪತಿ ತಿಮೋಲಿಯೋನ್ ಸಿಸಿಲಿಯಲ್ಲಿ ಕಾರ್ಥೇಜಿನವರ ವಿರುದ್ಧ ಯುದ್ಧಕ್ಕೆ ಹೊರಟಿದ್ದ. ದಾರಿಯಲ್ಲಿ ಸೆಲರಿ ಸೊಪ್ಪು ಹೇರಿದ ಹೇಸರಗತ್ತೆಗಳು ಎದುರಾದವು. ಸೈನಿಕರು ಅಪಶಕುನವೆಂದು ಹೆದರಿದರು. ಏಕೆಂದರೆ ಗ್ರೀಕರು ಸಮಾಧಿಗಳಿಗೆ ಸೆಲರಿಯ ಚಕ್ರಗಳನ್ನೇ ಇಡುತ್ತಿದ್ದರು. ತಿಮೋಲಿಯೋನ್ ಅವರನ್ನು ಗದರಿಸಲಿಲ್ಲ. ನಮ್ಮೂರಿನ ಇಸ್ತ್ಮಿಯ ಕ್ರೀಡೆಗಳಲ್ಲಿ ಗೆದ್ದವರಿಗೆ ತೊಡಿಸುವುದೂ ಇದೇ ಸೊಪ್ಪಿನ ಕಿರೀಟವನ್ನಲ್ಲವೇ ಎಂದು ನೆನಪಿಸಿ, ಮೊದಲು ತಾನೇ ಅದನ್ನು ಮುಡಿದ. ಆ ಯುದ್ಧದಲ್ಲಿ ಗೆದ್ದ ಕೂಡ. ಇದನ್ನು ಬರೆದಿಟ್ಟವನು ಪ್ಲುಟಾರ್ಕ.

ನಾಲ್ಕು ಶತಮಾನಗಳ ತರುವಾಯ ಸಂತ ಪೌಲರು ಅದೇ ಊರಿನವರಿಗೆ ಬರೆದ ಮೊದಲ ಪತ್ರದಲ್ಲಿ (9:25) ಬಾಡುವ ಕಿರೀಟ, ಬಾಡದ ಕಿರೀಟಗಳ ಮಾತು ಬರುತ್ತದೆ. ಅಲ್ಲಿರುವ ಗ್ರೀಕ್ ಪದ ‘ಸ್ತೆಫಾನೊಸ್’. ಎಲೆ, ಹೂಗಳನ್ನು ಹೆಣೆದ ಚಕ್ರಕ್ಕೂ ಅದೇ ಪದ. ಶುಭಸಂದೇಶದಲ್ಲಿ ಯೇಸುಸ್ವಾಮಿಯ ಮುಳ್ಳಿನ ಕಿರೀಟಕ್ಕೂ ಅದೇ. ಮೊದಲ ರಕ್ತಸಾಕ್ಷಿ ಸಂತ ಸ್ತೆಫಾನರ ಹೆಸರೂ ಅದೇ ಪದದಿಂದ ಬಂದದ್ದು. ಕ್ರಿಸ್ತಜಯಂತಿಯ ಮರುದಿನ, ಡಿಸೆಂಬರ್ 26ರಂದು, ಧರ್ಮಸಭೆ ಅವರ ಮರಣವನ್ನು ಸ್ಮರಿಸುತ್ತದೆ. ಹೀಗೆ ಸಾವಿನ ಚಕ್ರವೂ ಗೆಲುವಿನ ಚಕ್ರವೂ ಮೊದಲಿಂದ ಒಂದೇ ಆಗಿದ್ದವು.

ಇನ್ನು ಮಾಡುವ ಬಗೆ. ತುಸು ದಪ್ಪನೆಯ ತಂತಿಯಲ್ಲಿ 46 ಅಂಗುಲದ ಒಂದು, 34 ಅಂಗುಲದ ಇನ್ನೊಂದು ತುಂಡು ಕತ್ತರಿಸಿ. ತುದಿಗಳು 2 ಅಂಗುಲ ಒಂದರ ಮೇಲೊಂದು ಬರುವಂತೆ ಬಿಗಿದರೆ, ಹೆಚ್ಚುಕಡಿಮೆ 14 ಮತ್ತು 10 ಅಂಗುಲ ಅಡ್ಡಳತೆಯ ಎರಡು ಬಳೆಗಳಾಗುತ್ತವೆ. ಚಿಕ್ಕದನ್ನು ದೊಡ್ಡದರೊಳಗಿಟ್ಟು ಆರು ಕಡೆ ಅಡ್ಡತಂತಿ ಕಟ್ಟಿ. ಅಲಂಕಾರದ ಮೆಶ್ 10 ಅಂಗುಲ ಅಗಲ, 10 ಗಜ ಉದ್ದದ ಸುರುಳಿಗಳಲ್ಲಿ ಸಿಗುತ್ತದೆ. ಎರಡು ಸುರುಳಿ ಸಾಕು, ಸ್ವಲ್ಪ ಉಳಿಯುತ್ತದೆ. 10 ಅಂಗುಲದ 54 ಚೌಕಗಳು ಬೇಕು. ಪ್ರತಿ ಚೌಕವನ್ನೂ ಚಾಪೆಯಂತೆ ಸುತ್ತಿ, ನಡುವೆ ಹಿಸುಕಿ. ಇಂಥ ಮೂರನ್ನು ನಕ್ಷತ್ರದ ಆಕಾರದಲ್ಲಿ ಅಡ್ಡಡ್ಡ ಇಟ್ಟು ತೆಳುತಂತಿಯಿಂದ ಕಟ್ಟಿದರೆ ಆರು ಎಸಳಿನ ಹೂ ಸಿದ್ಧ. ನಡುವೆ ಒಂದು ಮಣಿ ಪೋಣಿಸಬಹುದು. ಒಟ್ಟು 18 ಹೂಗಳನ್ನು ಒಂದು ಹೊರಬಳೆಗೆ, ಮುಂದಿನದು ಒಳಬಳೆಗೆ ಎಂಬಂತೆ ಕಟ್ಟುತ್ತ ಬಂದರೆ ತಂತಿ ಕಾಣದಂತೆ ಮುಚ್ಚುತ್ತದೆ.

ಮೆಶ್‌ನ ಅಂಚು ಎಳೆಯೆಳೆಯಾಗಿ ಬಿಚ್ಚಿಕೊಳ್ಳುತ್ತದೆ. ಹರಿತವಾದ ಕತ್ತರಿಯಿಂದ ಒಂದೇ ಸಲಕ್ಕೆ ಕತ್ತರಿಸಿ ಕೂಡಲೇ ಸುತ್ತಿಬಿಡಿ. ಅಂಚನ್ನು ಮೇಣದ ಬತ್ತಿಗೆ ಹಿಡಿದು ಕರಗಿಸಲು ಹೋಗಿ ನಮ್ಮಲ್ಲೊಬ್ಬರು ಬೆರಳು ಸುಟ್ಟುಕೊಂಡರು. ಇದು ಪ್ಲಾಸ್ಟಿಕ್, ಬೇಗ ಹೊತ್ತಿಕೊಳ್ಳುತ್ತದೆ; ಗೋದಲಿಯ ದೀಪಗಳ ಹತ್ತಿರವೂ ಬೇಡ. ಬಾಡುವುದಿಲ್ಲ ನಿಜ, ಆದರೆ ಪೌಲರು ಹೇಳಿದ್ದು ಈ ಹೂವನ್ನಲ್ಲ! ಬಿಸಿಲು ಬೀಳುವ ಬಾಗಿಲಲ್ಲಿ ಇದರ ಬಣ್ಣವೂ ಮಾಸುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಬಿಳಿ ಮತ್ತು ನೇರಳೆ ನಮ್ಮ ಜನರಿಗೆ ಸಾವನ್ನು ನೆನಪಿಸುತ್ತವೆ. ಹಸಿರು, ಕೆಂಪು ವಾಸಿ. ಅಷ್ಟಾದರೂ ಮನೆಯ ಹಿರಿಯರಿಗೆ ನೋವಾಗುವುದಾದರೆ ಹಟ ಬೇಡ. ಇದು ಅಲಂಕಾರವೇ ಹೊರತು ಸಂಸ್ಕಾರವಲ್ಲ.

ಹಬ್ಬಕ್ಕೆ ಎರಡು ದಿನ ಮುಂಚೆ ಮತ್ತೆ ಆ ಮನೆಗೆ ಹೋಗಿ ಇಷ್ಟನ್ನೂ ಅಜ್ಜಿಗೆ ಹೇಳಿದೆ. ಸೆಲರಿಯ ಕತೆಗೆ ಅವರು ನಕ್ಕರು. ಸ್ತೆಫಾನರ ಹೆಸರಿನ ಅರ್ಥವನ್ನು ಮಾತ್ರ ಎರಡು ಸಲ ಕೇಳಿದರು. ಆಮೇಲೆ ಸೊಸೆಯನ್ನು ಕರೆದು, ಚಕ್ರದಲ್ಲಿದ್ದ ಬಿಳಿ ಹೂಗಳನ್ನೆಲ್ಲ ಬಿಚ್ಚಿಸಿ ಕೆಂಪು ಹೂ ಕಟ್ಟಿಸಿದರು. ಬಿಚ್ಚಿದ್ದನ್ನು ಸೊಸೆ ಎಸೆಯಲು ಹೊರಟಾಗ, “ಇರ್ಲಿ ಕೊಡಮ್ಮ, ನವೆಂಬರ್ ಎರಡಕ್ಕೆ ಅವರಿಗೆ ಬೇಕಾಗುತ್ತೆ” ಎಂದು ಇಸಿದುಕೊಂಡು ಟ್ರಂಕಿನಲ್ಲಿಟ್ಟರು.