ಓದುವ ಹುಡುಗಿಯೂ ಆಕೆಯ ಮನೆಯವರೂ

“ನಮ್ಮ ಹುಡುಗಿಗೆ ಓದಿನಲ್ಲಿ ಮನಸ್ಸೇ ಇಲ್ಲ, ತಾವೇ ಸ್ವಲ್ಪ ಗದರಿಸಬೇಕು” ಎಂದು ನಮ್ಮ ಬಳಿಗೆ ಬರುವ ತಾಯಿತಂದೆಗಳು ಪ್ರತಿ ವರ್ಷವೂ ಇದ್ದಾರೆ. ಗದರಿಸುವದು ಸುಲಭ. ಆದರೆ ಗದರಿಕೆಗೆ ಹೆದರಿದವಳು ಪುಸ್ತಕವನ್ನು ತೆರೆದುಕೊಂಡು ಕುಳಿತಿರುವಳಲ್ಲದೆ ಓದುವಳೆಂದು ಹೇಳಲಾಗದು.

ಚಿಕ್ಕಂದಿನಲ್ಲಿ ತಾಯಿಯ ಮೆಚ್ಚುಗೆಗಾಗಿ ಓದಿದ ಹುಡುಗಿಯು ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ‘ಇದನ್ನು ಏಕೆ ಕಲಿಯಬೇಕು?’ ಎಂದು ಕೇಳತೊಡಗುವಳು. ಇದು ಉದ್ಧಟತನವಲ್ಲ, ಬುದ್ಧಿ ಬಲಿಯುತ್ತಿರುವ ಗುರುತು. ಇದೇ ಪ್ರಾಯದಲ್ಲಿ ನಾಲ್ವರೆದುರಿನ ಅವಮಾನವು ಮನಸ್ಸಿಗೆ ಆಳವಾಗಿ ನಾಟುವದು. ನೆರೆಮನೆಯವಳ ಅಂಕಗಳನ್ನು ತೋರಿಸಿ ಹಂಗಿಸಿದರೆ ನೆರೆಮನೆಯವಳ ಮೇಲೆ ದ್ವೇಷ ಹುಟ್ಟೀತೇ ಹೊರತು ಬೀಜಗಣಿತದ ಮೇಲೆ ಪ್ರೀತಿ ಹುಟ್ಟದು.

ಹೊಗಳಿಕೆಯಲ್ಲಿಯೂ ವಿವೇಕ ಬೇಕು. ಅಮೇರಿಕದ ಕ್ಲಾಡಿಯಾ ಮ್ಯೂಲರ್, ಕ್ಯಾರಲ್ ಡ್ವೆಕ್ ಎಂಬ ವಿದುಷಿಯರು ಐದನೆಯ ತರಗತಿಯ ಮಕ್ಕಳನ್ನು ಪರೀಕ್ಷಿಸಿ 1998ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಕೆಲವರನ್ನು ‘ನೀನು ಬುದ್ಧಿವಂತೆ’ ಎಂದೂ, ಕೆಲವರನ್ನು ‘ನೀನು ಚೆನ್ನಾಗಿ ದುಡಿದೆ’ ಎಂದೂ ಹೊಗಳಿ, ಬಳಿಕ ಕಠಿಣವಾದ ಸಮಸ್ಯೆಗಳನ್ನು ಕೊಟ್ಟರು. ಅವುಗಳಲ್ಲಿ ಸೋತ ಮೇಲೆ ಮೊದಲಿನಂಥವೇ ಸಮಸ್ಯೆಗಳನ್ನು ಕೊಟ್ಟಾಗ, ಬುದ್ಧಿಗೆ ಹೊಗಳಿಸಿಕೊಂಡವರು ಹಿಂದೆ ಬಿದ್ದರು. ದುಡಿಮೆಗೆ ಹೊಗಳಿಸಿಕೊಂಡವರು ಮುಂದೆ ಹೋದರು. ಹೊಗಳಿಕೆಯಿಂದಲೇ ಎಲ್ಲವೂ ಕೈಗೂಡುವದೆಂದು ನಾನು ನಂಬುವದಿಲ್ಲ. ಹುಡುಗಿಯರು ಬರಿಯ ಬಾಯುಪಚಾರವನ್ನು ಬೇಗನೆ ಕಂಡುಹಿಡಿಯುವರು. ಆದರೆ “ಈ ಪ್ರಬಂಧವನ್ನು ಎರಡು ಸಾರಿ ತಿದ್ದಿ ಬರೆದೆಯಲ್ಲಾ” ಎಂಬ ಮಾತಿಗೆ ಬೆಲೆಯುಂಟು.

“ನಾವು ಓದಿದವರಲ್ಲ, ಹೇಗೆ ಸಹಾಯ ಮಾಡೋಣ?” ಎಂದು ಕೆಲವು ತಾಯಂದಿರು ಸಂಕೋಚಪಡುವರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಪಾಠವನ್ನು ಮತ್ತೆ ಮತ್ತೆ ಓದುವದಕ್ಕಿಂತ ಪುಸ್ತಕವನ್ನು ಮುಚ್ಚಿ ನೆನಪಿನಿಂದ ಹೇಳುವದು ಹೆಚ್ಚು ಫಲಕಾರಿ. ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕಿ ಎಂಬವರು 2006ರಲ್ಲಿ ಇದನ್ನು ಕಾಲೇಜು ವಿದ್ಯಾರ್ಥಿಗಳಲ್ಲಿ ತೋರಿಸಿಕೊಟ್ಟರು: ಐದು ನಿಮಿಷಗಳ ಬಳಿಕ ಮರಳಿ ಓದಿದವರದೇ ಮೇಲುಗೈ, ಒಂದು ವಾರದ ಬಳಿಕವಾದರೋ ನೆನಪಿನಿಂದ ಬರೆದವರದು. ಆದಕಾರಣ ಅಕ್ಷರ ಬಾರದ ತಾಯಿಯೂ ಅಕ್ಕಿ ಆರಿಸುತ್ತಾ “ಈಹೊತ್ತು ಏನು ಕಲಿತೆ? ನನಗೆ ತಿಳಿಯುವಂತೆ ಹೇಳು” ಎಂದು ಕೇಳಬಹುದು. ತಡವರಿಸಿದಲ್ಲಿ ಹುಡುಗಿಯೇ ಪುಸ್ತಕವನ್ನು ತೆರೆದು ನೋಡುವಳು. ಇದಕ್ಕಿಂತ ಒಳ್ಳೆಯ ಮನೆಪಾಠವನ್ನು ನಾನು ಕಂಡಿಲ್ಲ, ಹಣವೂ ಬೇಡ.

ಇನ್ನು ಸಮಯದ ಮಾತು. ಅಣ್ಣನು ಓದಲು ಕುಳಿತಾಗ ಮನೆಯೆಲ್ಲ ಸದ್ದಡಗುವದು. ತಂಗಿಯು ಕುಳಿತೊಡನೆ ಪಾತ್ರೆಗಳ ನೆನಪಾಗುವದು! ಮನೆಗೆಲಸ ಕಲಿಯಬಾರದೆಂದಲ್ಲ, ಇಬ್ಬರೂ ಕಲಿಯಲಿ. ದಿನಕ್ಕೆ ಒಂದೂವರೆ ತಾಸು ಯಾರೂ ಕೂಗಿ ಕರೆಯದ ಒಂದು ಮೂಲೆ ಅವಳಿಗೂ ಇರಲಿ. ರಾತ್ರಿ ಕೈದೂರವಾಣಿಯು ಆಕೆಯ ಹಾಸಿಗೆಯಿಂದ ದೂರವಿರಲಿ, ತಂದೆಯದೂ ಅಲ್ಲಿಯೇ ಇಡಲ್ಪಡಲಿ. ಹದಿಮೂರರಿಂದ ಹದಿನೆಂಟರ ಪ್ರಾಯದವರಿಗೆ 8ರಿಂದ 10 ತಾಸುಗಳ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ.

ಪ್ರಗತಿಪತ್ರವು ಮನೆಗೆ ಬಂದ ದಿನ ಅಂಕಗಳನ್ನು ನೋಡಿ ಸಹಿಮಾಡಿ ಕಳುಹಿಸಬೇಡಿರಿ. ಉತ್ತರಪತ್ರಿಕೆಯನ್ನು ಕೇಳಿ ತರಿಸಿ, ಯಾವುದು ತಿಳಿಯದೆ ತಪ್ಪಿತು, ಯಾವುದು ಅವಸರದಿಂದ ತಪ್ಪಿತು ಎಂಬದನ್ನು ಆಕೆಯ ಬಾಯಿಂದಲೇ ಕೇಳಿರಿ. ತಿಳಿಯದೆ ತಪ್ಪಿದ್ದಿದ್ದರೆ ಮಗಳೊಂದಿಗೆ ಆ ಪತ್ರಿಕೆಯನ್ನೂ ತೆಗೆದುಕೊಂಡು ಶಾಲೆಗೆ ಬನ್ನಿರಿ. ಸಂಜೆ ಪಾಠಗಳು ಮುಗಿದ ಮೇಲೆ ಉಪಾಧ್ಯಾಯಿನಿಯರು ಅರ್ಧ ತಾಸು ಇಲ್ಲಿಯೇ ಇರುವರು.