ಊರೊಟ್ಟಿನ ಕೆಲಸ ಕೈಗೂಡಲು ಹನ್ನೊಂದು ಸೂತ್ರಗಳು

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಕಲ್ಲಿನ ಕಂಬವೊಂದು ನಿಂತಿದೆ. ಐದನೆಯ ಶತಮಾನದ ಆ ಶಾಸನವನ್ನು ಕದಂಬರ ವಂಶಚರಿತ್ರೆಗಾಗಿ ಎಲ್ಲರೂ ನೆನೆಯುತ್ತಾರೆ. ಆದರೆ ಕವಿ ಕುಬ್ಜ ಅದನ್ನು ಬರೆಯಲು ನಿಮಿತ್ತವಾದದ್ದು ಒಂದು ಕೆರೆ, ಕಾಕುತ್ಸ್ಥವರ್ಮ ಆ ಗುಡಿಯ ಬಳಿ ಕಟ್ಟಿಸಿದ ಕೆರೆ. ಊರಿಗೆ ಬೇಕಾದ ಕೆಲಸ ಮಾಡಿ, ಮಾಡಿದ್ದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿಡುವ ಪದ್ಧತಿ ಈ ಸೀಮೆಯಲ್ಲಿ ಅಷ್ಟು ಹಳೆಯದು.

ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಪಂಚಾಯಿತಿಗೆ ಮೊದಲ ಸಲ ಆರಿಸಿ ಬಂದವರಿಗೆ, ಗ್ರಾಮ ಸಮಿತಿ, ಯುವಕ ಸಂಘ, ಸ್ವಸಹಾಯ ಸಂಘಗಳಲ್ಲಿ ಸಂಬಳವಿಲ್ಲದೆ ದುಡಿಯುವವರಿಗೆ ಉಪಯೋಗವಾಗಲೆಂದು ಈ ಸೂತ್ರಗಳನ್ನು ಬರೆದಿದ್ದೇನೆ. ಎಲ್ಲದರ ಬುಡ ಒಂದೇ: ಊರಿನ ಕೆಲಸ ಬಯಲಿನಲ್ಲಿ ನಡೆಯಬೇಕು, ಬರಹದಲ್ಲಿ ಉಳಿಯಬೇಕು.

1. ಒಪ್ಪಿದ ಮಾತು ನಡಾವಳಿಗೆ ಇಳಿಯಲಿ

ಸಭೆಯಲ್ಲಿ ಎಲ್ಲರೂ ಹೂಂ ಅಂದಮಾತ್ರಕ್ಕೆ ಚರಂಡಿ ಆಗುವುದಿಲ್ಲ. ನಡಾವಳಿ ಪುಸ್ತಕದಲ್ಲಿ ಇಲ್ಲದ ಕೆಲಸಕ್ಕೆ ಕ್ರಿಯಾ ಯೋಜನೆಯಲ್ಲಿ ಜಾಗವಿಲ್ಲ, ಕ್ರಿಯಾ ಯೋಜನೆಯಲ್ಲಿ ಇಲ್ಲದ್ದಕ್ಕೆ ಬಿಲ್ ಆಗುವುದಿಲ್ಲ. ಸಭೆಗೆ ಮುಂಚೆಯೇ ನಿಮ್ಮ ವಿಷಯವನ್ನು ಬರೆದು ಪಿಡಿಒ ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ. 'ರಸ್ತೆ ಸರಿಪಡಿಸುವುದು' ಎಂದು ಬರೆದರೆ ಏನೂ ಆಗದು. ಯಾರ ಮನೆಯಿಂದ ಯಾವ ಕಟ್ಟೆಯವರೆಗೆ, ಎಷ್ಟು ಮೀಟರ್, ಸರ್ವೆ ನಂಬರ್ ಯಾವುದು, ಯಾವ ಅನುದಾನದಿಂದ ಎಂದು ಠರಾವಿನಲ್ಲಿ ಬರಲಿ. ಸಭೆ ಮುಗಿದ ಮೇಲೆ ನಕಲು ಕೇಳಿ, ಮನೆಯಲ್ಲಿ ಒಂದು ಫೈಲ್ ಇಡಿ. ಐದು ವರ್ಷದ ಅವಧಿಯಲ್ಲಿ ಪಿಡಿಒ ಬದಲಾಗಬಹುದು, ಅಧ್ಯಕ್ಷರೂ ಬದಲಾಗಬಹುದು. ಆ ಫೈಲ್ ಮಾತ್ರ ನಿಮ್ಮ ಜೊತೆ ಇರುತ್ತದೆ.

2. ವಾರ್ಡ್ ಸಭೆಯಿಂದ ಶುರು ಮಾಡಿ

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆಗಬೇಕು. ಮನೆ ಮಂಜೂರಿಯ ಫಲಾನುಭವಿಗಳ ಆಯ್ಕೆಗೂ ಇದೇ ದಾರಿ. ವಾರ್ಡ್ ಸಭೆ ಬರೀ ಸಹಿಯಲ್ಲಿ ಮುಗಿದ ಊರುಗಳಲ್ಲಿ ಗ್ರಾಮಸಭೆ ಜಗಳದಲ್ಲಿ ಮುಗಿಯುತ್ತದೆ, ಯಾಕೆಂದರೆ ಜನ ತಮ್ಮ ಕೇರಿಯ ಮಾತನ್ನು ಮೊದಲ ಸಲ ಆಡುವುದು ಅಲ್ಲಿಯೇ.

ಸಭೆಯ ದಿನ ಆರಿಸುವಾಗ ಬೇಸಾಯದ ಕ್ಯಾಲೆಂಡರ್ ನೋಡಿ. ನಾಟಿಯ ವಾರ, ಅಡಿಕೆ ಕೊಯ್ದು ಸುಲಿಯುವ ದಿನಗಳು, ಜೋಳ ಮುರಿಯುವ ಹೊತ್ತು ಬೇಡ. ಸುದ್ದಿ ಮುಟ್ಟಿಸಲು ಕಚೇರಿಯ ನೋಟಿಸ್ ಬೋರ್ಡ್ ಸಾಲದು. ಬೆಳಿಗ್ಗೆ, ಸಂಜೆ ಹಾಲು ಹಾಕಲು ಡೇರಿಗೆ ಜನ ಬಂದೇ ಬರುತ್ತಾರೆ. ಅಲ್ಲಿ ಒಂದು ಚೀಟಿ ಅಂಟಿಸಿ, ನಿಂತು ಬಾಯಿಬಿಟ್ಟು ಹೇಳಿ. ಸ್ವಸಹಾಯ ಸಂಘದ ವಾರದ ಸಭೆಗೆ ಹೋಗಿ ಹೇಳಿ. ಕಸದ ಗಾಡಿಯ ಮೈಕಿನಲ್ಲಿ ಹೇಳಿಸಿ. ಕೋರಂ ಆಗದಿದ್ದರೆ ಸಭೆ ಮುಂದೂಡಲು ನೀವೇ ಒತ್ತಾಯಿಸಿ.

3. ಯಾವ ಹಣ ಯಾವುದಕ್ಕೆ ಎಂದು ತಿಳಿದು ಮಾತಾಡಿ

ಪಂಚಾಯಿತಿಯಲ್ಲಿ ದುಡ್ಡಿದೆ, ನಮ್ಮ ಕೇರಿಗೆ ಹಾಕುತ್ತಿಲ್ಲ ಎಂಬ ದೂರು ಎಲ್ಲ ಕಡೆ ಕೇಳುತ್ತದೆ. ದುಡ್ಡಿಗೆ ಅದರದ್ದೇ ಕಟ್ಟು ಇರುತ್ತದೆ. 2021ರಿಂದ 2026ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ 40ರಲ್ಲಿ ಮಾತ್ರ ಊರು ತನ್ನ ಅಗತ್ಯ ನೋಡಿ ನಿರ್ಧರಿಸಬಹುದಿತ್ತು. ಜಲಜೀವನ ಮಿಷನ್ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್. ನಲ್ಲಿ ಬಂದ ಮೇಲೆ ಅದನ್ನು ನಡೆಸುವ ಖರ್ಚು, ಮೋಟಾರ್ ರಿಪೇರಿ, ನೀರುಗಂಟಿಯ ಸಂಬಳ ಎಲ್ಲ ಪಂಚಾಯಿತಿಯ ತಲೆಯ ಮೇಲೆ.

ಊರು ಸ್ವಂತ ಬುದ್ಧಿಯಿಂದ ಖರ್ಚು ಮಾಡಬಹುದಾದದ್ದು ಮನೆ ಕಂದಾಯ, ನೀರಿನ ಕರದ ಹಣ. ಆದ್ದರಿಂದ ಸದಸ್ಯರಾದವರು ಏಪ್ರಿಲ್‌ನಲ್ಲೇ ತಮ್ಮ ಮನೆಯ ಕಂದಾಯ ಕಟ್ಟಿ ರಸೀದಿ ತೋರಿಸಲಿ. ಬಾಕಿ ಇಟ್ಟುಕೊಂಡ ಸದಸ್ಯನ ಮಾತಿಗೆ ಬಿಲ್ ಕಲೆಕ್ಟರ್ ಎದುರೇ ಬೆಲೆ ಇರುವುದಿಲ್ಲ.

ನನ್ನ ಅಭಿಪ್ರಾಯ ಒಂದಿದೆ. ಸಮುದಾಯ ಭವನಗಳು ಸಾಕು. ವರ್ಷಕ್ಕೆ ನಾಲ್ಕು ಮದುವೆಗೆ ಬಾಗಿಲು ತೆರೆಯುವ ಕಟ್ಟಡಕ್ಕಿಂತ ಅಂಗನವಾಡಿಯ ಶೌಚಾಲಯಕ್ಕೆ ನೀರು ಬರುವುದು ದೊಡ್ಡ ಕೆಲಸ.

4. ಕೆರೆಗೆ ಮೊದಲ ಗಮನ

ಈ ಎರಡು ತಾಲ್ಲೂಕಿನ ಊರುಗಳು ಕೆರೆಗಳ ಸುತ್ತಲೇ ಬೆಳೆದವು. ಹಾಗಾಗಿ ಸದಸ್ಯರಾದ ಮೊದಲ ಬೇಸಿಗೆಯಲ್ಲೇ ನಿಮ್ಮ ಊರಿನ ಕೆರೆಯನ್ನು ಪೂರ್ತಿ ಒಂದು ಸುತ್ತು ನಡೆಯಿರಿ. ಹಿರಿಯ ರೈತರು ಇಬ್ಬರು ಜೊತೆಗಿರಲಿ. ಏರಿಯ ಮೇಲೆ ಬೆಳೆದ ಮರ, ಸೋರುವ ತೂಬು, ಒಡೆದ ಕೋಡಿ, ಮುಚ್ಚಿಹೋದ ಬರಗಾಲುವೆ, ಅಂಗಳದೊಳಕ್ಕೆ ಸರಿದುಬಂದ ಅಡಿಕೆ ಸಸಿ, ಎಲ್ಲವನ್ನೂ ಬರೆದುಕೊಳ್ಳಿ.

ಆಮೇಲೆ ಕೆರೆ ಯಾರದೆಂದು ಕೇಳಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆ ಇದ್ದರೆ ಪಂಚಾಯಿತಿ ವ್ಯವಸ್ಥೆ. ಇದು ಗೊತ್ತಿಲ್ಲದೆ ತಪ್ಪು ಕಚೇರಿಗೆ ಅರ್ಜಿ ಕೊಟ್ಟು ಎರಡು ಮಳೆಗಾಲ ಕಳೆದುಕೊಂಡ ಊರುಗಳಿವೆ. ಮೂರನೆಯದಾಗಿ ಸರ್ವೆಗೆ ಅರ್ಜಿ ಹಾಕಿ, ಗಡಿ ಗುರುತಿಸಿ ಕಲ್ಲು ನೆಡಿಸಿ. ಒತ್ತುವರಿ ಬಿಡಿಸುವ ಮಾತು ಬಂದಾಗ ಹೆಸರು ಹಿಡಿದು ಕೂಗಬೇಡಿ. ಅಳತೆಯ ನಕ್ಷೆ ಸಭೆಯ ಮುಂದೆ ಹರಡಿ, ಅದೇ ಮಾತಾಡುತ್ತದೆ. ಬಡವನ ಎರಡು ಗುಂಟೆಯಿಂದ ತೆರವು ಶುರುವಾಗಿ ದೊಡ್ಡವರ ತೋಟದ ಬೇಲಿಯ ಹತ್ತಿರ ನಿಂತುಹೋಗುವುದು ಘೋರ ಅನ್ಯಾಯ. ಅದಕ್ಕೆ ನಿಮ್ಮ ಕೈ ಸೇರದಿರಲಿ.

ರಿಪೇರಿಯ ಕ್ರಮವೂ ಮುಖ್ಯ. ಮೊದಲು ನೀರು ತರುವ ಕಾಲುವೆ, ಆಮೇಲೆ ಕೋಡಿ ಮತ್ತು ತೂಬು, ಕೊನೆಗೆ ಹೂಳು. ಕಾಲುವೆ ಮುಚ್ಚಿದ ಕೆರೆಯಲ್ಲಿ ಎಷ್ಟು ಹೂಳೆತ್ತಿದರೂ ಅದು ಬರೀ ಹೊಂಡ. ಎತ್ತಿದ ಹೂಳನ್ನು ಏರಿಯ ಪಕ್ಕ ರಾಶಿ ಹಾಕಿದರೆ ಮೊದಲ ಮಳೆಗೆ ಮತ್ತೆ ಒಳಗೇ ಹೋಗುತ್ತದೆ. ಯಾರ ಹೊಲಕ್ಕೆ ಎಷ್ಟು ಲೋಡ್ ಎಂಬ ಪಟ್ಟಿ ಹಿಟಾಚಿ ಬರುವ ಮುಂಚೆಯೇ ಸಿದ್ಧವಿರಲಿ.

ಸೊರಬ ತಾಲ್ಲೂಕಿನ ಗುಡವಿಯನ್ನು ನೋಡಿ. ಅಲ್ಲಿನ ಕೆರೆಗೆ ಮಳೆಗಾಲದಲ್ಲಿ ಬೆಳ್ಳಕ್ಕಿ, ಕೆಂಬರಲುಗಳ ಹಿಂಡು ಬಂದು ಗೂಡು ಕಟ್ಟುತ್ತದೆ, ಇಂದು ಅದು ಪಕ್ಷಿಧಾಮ. ಸುತ್ತಲಿನವರು ಹಕ್ಕಿಗಳನ್ನು ಕಾಡದೆ ಬಿಟ್ಟದ್ದರಿಂದಲೇ ಅವು ವರ್ಷವರ್ಷವೂ ಬರುತ್ತಿವೆ.

5. ಕೆರೆಬೇಟೆಯ ಲೆಕ್ಕ ಅದೇ ವಾರ ಗೋಡೆಗೆ ಬರಲಿ

ಬೇಸಿಗೆಯಲ್ಲಿ ನೀರು ಇಳಿದಾಗ ಊರೂರಿನವರು ಕೂಣಿ ಹಿಡಿದು ಮೀನಿಗೆ ಇಳಿಯುವ ಕೆರೆಬೇಟೆ ಸೊರಬ ಸೀಮೆಯ ದೊಡ್ಡ ಸಂಭ್ರಮ. ಕೂಣಿಗೆ ಇಷ್ಟೆಂದು ಸಂಗ್ರಹಿಸಿದ ಹಣ ಸಾಮಾನ್ಯವಾಗಿ ಗುಡಿಗೋ ಊರ ಕೆಲಸಕ್ಕೋ ಹೋಗುತ್ತದೆ. ಮಾರಿಹಬ್ಬ, ದೀಪಾವಳಿಯ ಹೋರಿ ಹಬ್ಬಗಳಲ್ಲೂ ಹಾಗೆಯೇ. ಈ ಹಣವನ್ನು ನೋಡಿಕೊಳ್ಳುವುದು ಗ್ರಾಮ ಸಮಿತಿ. ಅದು ಪಂಚಾಯಿತಿಯ ಭಾಗವಲ್ಲ, ಆದರೆ ಜನರ ಕಣ್ಣಿಗೆ ಎರಡೂ ಒಂದೇ. ಎರಡರಲ್ಲೂ ಇರುವವರು ಹಣವನ್ನು ಎಂದೂ ಬೆರೆಸಬಾರದು. ಸಮಿತಿಯ ಹೆಸರಿನಲ್ಲಿ ಬ್ಯಾಂಕ್ ಖಾತೆ, ಇಬ್ಬರ ಸಹಿ, ಪ್ರತಿ ವಂತಿಗೆಗೂ ರಸೀದಿ. ಹಬ್ಬ ಮುಗಿದ ವಾರದೊಳಗೆ ಜಮಾ ಖರ್ಚು ಗುಡಿಯ ಗೋಡೆಯ ಮೇಲೆ ಅಂಟಿರಲಿ. ಶಾಮಿಯಾನದವನಿಗೆ ಬಾಕಿ ಇದ್ದರೆ ಅದೂ ಕಾಣಲಿ.

ಹೋರಿ ಹಬ್ಬ ನಡೆಸುವವರಿಗೆ ಇನ್ನೊಂದು ಮಾತು. ಓಟದ ದಾರಿಗೆ ಎರಡೂ ಕಡೆ ಗಟ್ಟಿ ಬೇಲಿ, ಅನುಮತಿ ಪತ್ರ, ಆಂಬುಲೆನ್ಸ್ ಮೂರೂ ಸಿದ್ಧವಾಗದೆ ಹೋರಿ ಬಿಡಬೇಡಿ. ನೋಡಲು ಬಂದವರೇ ಪ್ರಾಣ ಕಳೆದುಕೊಂಡದ್ದನ್ನು ಈ ಸೀಮೆ ಕಂಡಿದೆ.

6. ಹುಡುಗರಿಗೆ ಹೆಸರಿರುವ ಹೊಣೆ ಕೊಡಿ

ಶಿಕಾರಿಪುರ ತಾಲ್ಲೂಕಿನ ಈಸೂರು 1942ರ ಸೆಪ್ಟೆಂಬರ್‌ನಲ್ಲಿ ಕಂದಾಯ ಕೊಡುವುದಿಲ್ಲವೆಂದು ನಿಂತು ತನ್ನದೇ ಸರ್ಕಾರ ಘೋಷಿಸಿತು. ಆಗ ಊರವರು ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಎಂದು ಕೂರಿಸಿದ್ದು ಹುಡುಗರನ್ನು. ಆಮೇಲಿನ ಘರ್ಷಣೆಯಲ್ಲಿ ಅಧಿಕಾರಿಗಳಿಬ್ಬರು ಸತ್ತರು, ಊರು ಭಯಂಕರ ದಬ್ಬಾಳಿಕೆ ಉಂಡಿತು, 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಮಾತು ಇಂದಿಗೂ ಮಕ್ಕಳ ಬಾಯಲ್ಲಿದೆ.

ಅಂಥ ನೆಲದಲ್ಲಿ ಇಂದು ಪದವಿ ಓದಿದ ಹುಡುಗರಿಗೆ ಕುರ್ಚಿ ಜೋಡಿಸುವ, ಬ್ಯಾನರ್ ಕಟ್ಟುವ ಕೆಲಸ ಮಾತ್ರ ಕೊಡುತ್ತೇವೆ. ಅದು ಸಾಲದು. ಒಬ್ಬಳಿಗೆ ಗ್ರಾಮ ಗ್ರಂಥಾಲಯದ ಪುಸ್ತಕದ ಪಟ್ಟಿ, ಒಬ್ಬನಿಗೆ ಬೀದಿದೀಪಗಳ ದೂರು, ಇನ್ನೊಬ್ಬನಿಗೆ ಇ-ಸ್ವತ್ತು ಅರ್ಜಿ ತುಂಬಿಕೊಡುವ ಕೆಲಸ ಎಂದು ಹೆಸರು ಹೇಳಿ ಒಪ್ಪಿಸಿ, ಅವರ ಫೋನ್ ನಂಬರನ್ನು ಕಚೇರಿಯಲ್ಲಿ ಬರೆಯಿಸಿ. ಹೊಣೆ ಕೊಟ್ಟ ಮೇಲೆ ನಡುವೆ ಕೈ ಹಾಕಬೇಡಿ.

7. ಕಾನಿನ ಕಾವಲೂ ಪಂಚಾಯಿತಿಯ ಕೆಲಸವೇ

ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು 1868ರಲ್ಲೇ ವರದಿ ಬರೆದರು. ಅದರಲ್ಲಿ ಈ ಒಂದು ತಾಲ್ಲೂಕಿನಲ್ಲೇ 171 ಕಾನುಗಳ ಲೆಕ್ಕವಿತ್ತು. ಊರವರು ಅಲ್ಲಿ ಕಾಳುಮೆಣಸು, ಬೈನೆ, ಉಪ್ಪಾಗೆ ಬಳಸುತ್ತಾ, ದೇವರ ಹೆಸರಿನಲ್ಲಿ ಮರ ಉಳಿಸುತ್ತಾ ಬಂದರು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಎಷ್ಟೋ ಕಡೆ ಅದು ಕಾಗದದ ಮೇಲಷ್ಟೇ ಇದೆ. ಸದಸ್ಯರ ಹೆಸರು ಕೇಳಿ, ಕಾನಿನ ಒಳಗನ್ನು ಬಲ್ಲ ಅಜ್ಜ ಅಜ್ಜಿಯರನ್ನು ಅದರಲ್ಲಿ ಸೇರಿಸಿ.

ಮಂಗನ ಕಾಯಿಲೆಯ ವೈರಾಣು 1957ರಲ್ಲಿ ಪತ್ತೆಯಾದದ್ದು ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಲೋಕದ ವೈದ್ಯಕೀಯ ಪುಸ್ತಕಗಳಲ್ಲಿ ಕಾಯಿಲೆಗೆ ಆ ಊರಿನ ಹೆಸರೇ ಇದೆ. ಡಿಸೆಂಬರ್‌ನಿಂದ ಮುಂಗಾರಿನವರೆಗೆ ಸತ್ತ ಮಂಗ ಕಂಡರೆ ಮುಟ್ಟದೆ, ಅದೇ ದಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸೊಪ್ಪು, ದರಗು, ಸೌದೆಗೆ ಹೋಗುವವರ ಮನೆಗೆ ಉಣುಗು ತಡೆಯುವ ಎಣ್ಣೆ ಮುಟ್ಟಿತೇ ಎಂದು ಆಶಾ ಕಾರ್ಯಕರ್ತೆಯ ಜೊತೆ ಹೋಗಿ ನೋಡಿ. ಸ್ವಯಂಸೇವಕರು ಮಾಡಬಹುದಾದ ಕೆಲಸಗಳಲ್ಲಿ ಜೀವ ಉಳಿಸುವ ಕೆಲಸ ಇದು.

8. ಆರಿಸಿ ಬಂದವಳೇ ಕುರ್ಚಿಯಲ್ಲಿ ಕೂರಲಿ

ಪಂಚಾಯಿತಿಯ ಅರ್ಧದಷ್ಟು ಸ್ಥಾನ ಮಹಿಳೆಯರದು. ಆಕೆಯ ಬದಲಿಗೆ ಗಂಡನೋ ಮಗನೋ ಸಭೆಗೆ ಬಂದರೆ ಉಳಿದ ಸದಸ್ಯರು ಗೌರವದಿಂದಲೇ ಹೇಳಬೇಕು: 'ಅಣ್ಣಾ, ನೀವು ಹೊರಗೆ ಕೂತಿರಿ, ಅಕ್ಕನ್ನ ಕಳಿಸಿ.' ಅಕ್ಕಂದಿರೇ, ಓದದೆ ಯಾವುದಕ್ಕೂ ಸಹಿ ಹಾಕಬೇಡಿ. ಅರ್ಥವಾಗದ್ದನ್ನು ಎರಡು ಸಲ ಓದಿ ಹೇಳಿ ಎಂದು ಕೇಳಿ. ಸಂಘದ ಸಾಲದ ಲೆಕ್ಕವನ್ನು ವರ್ಷಗಟ್ಟಲೆ ತಪ್ಪದೆ ಬರೆದವರಿಗೆ ಪಂಚಾಯಿತಿಯ ಲೆಕ್ಕ ಕಷ್ಟವಾಗುವುದಿಲ್ಲ.

9. ಪಕ್ಷ ಪಂಚಾಯಿತಿಯ ಹೊಸ್ತಿಲಾಚೆ ಇರಲಿ

ಈ ಎರಡು ತಾಲ್ಲೂಕು ನಾಡಿಗೆ ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಎಸ್. ಬಂಗಾರಪ್ಪ ಸೊರಬದ ಕುಬಟೂರಿನವರು. ಬಿ.ಎಸ್. ಯಡಿಯೂರಪ್ಪ 1975ರಲ್ಲಿ ಶಿಕಾರಿಪುರ ಪುರಸಭೆಯ ಸದಸ್ಯರಾಗಿ ಹೊರಟವರು. ಹಾಗಾಗಿ ಇಲ್ಲಿ ಹೋಟೆಲಿನ ಚಹಾದಲ್ಲೂ ರಾಜಕೀಯ ಇರುತ್ತದೆ. ಆದರೆ ಗ್ರಾಮ ಪಂಚಾಯಿತಿ ಚುನಾವಣೆ ಕಾನೂನಿನಲ್ಲೇ ಪಕ್ಷರಹಿತ. ನಿಮಗೆ ಮತ ಹಾಕದ ಕೇರಿಯ ಒಂದು ಕೆಲಸವನ್ನು ಮೊದಲ ವರ್ಷದ ಕ್ರಿಯಾ ಯೋಜನೆಯಲ್ಲೇ ಸೇರಿಸಿ.

10. ಕಚೇರಿಗೆ ಇಬ್ಬರು ಹೋಗಿ

ಒಬ್ಬರೇ ಹೋದರೆ ಮಾತು ತಿರುಗುತ್ತದೆ, ಹತ್ತು ಜನ ಹೋದರೆ ಗಲಾಟೆ ಎನ್ನುತ್ತಾರೆ. ಇಬ್ಬರು, ಒಂದೇ ಕಾಗದ, ಒಂದೇ ಬೇಡಿಕೆ. ಕಡತ ಯಾರ ಟೇಬಲಿನಲ್ಲಿದೆ, ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಒಳ್ಳೆಯ ಕೆಲಸ ಮಾಡಿಕೊಟ್ಟ ಗುಮಾಸ್ತರ ಹೆಸರನ್ನು ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಹೇಳಿ. ಎಲ್ಲ ದಾರಿ ಮುಚ್ಚಿದಾಗ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ, 30 ದಿನದೊಳಗೆ ಉತ್ತರ ಕೊಡಲೇಬೇಕು.

11. ಜಮಾಬಂದಿಗೆ ತಪ್ಪಿಸಬೇಡಿ

ವರ್ಷಕ್ಕೊಮ್ಮೆ, ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ, ಹಿಂದಿನ ಆರ್ಥಿಕ ವರ್ಷದ ಲೆಕ್ಕವನ್ನೂ ಕಾಮಗಾರಿಗಳನ್ನೂ ಜನರ ಮುಂದೆ ಪರಿಶೀಲಿಸುವುದೇ ಜಮಾಬಂದಿ. ಮಳೆ, ಗದ್ದೆ ಕೆಲಸ ಎಂದು ಬಹಳ ಜನ ಬರುವುದಿಲ್ಲ, ಅದನ್ನು ನಂಬಿಕೊಂಡೇ ಎಷ್ಟೋ ಲೆಕ್ಕಗಳು ಪಾಸಾಗುತ್ತವೆ. ಯುವಕ ಸಂಘದಿಂದ ಮೂವರು, ಸ್ವಸಹಾಯ ಸಂಘದಿಂದ ಮೂವರು ಖಂಡಿತ ಹೋಗಿ. ನಿಮ್ಮ ವಾರ್ಡಿನ ಕಾಮಗಾರಿಗಳ ಪಟ್ಟಿ ಕೇಳಿ, ಅದರಲ್ಲಿ ಒಂದನ್ನು ಆರಿಸಿ ಸ್ಥಳಕ್ಕೇ ಹೋಗಿ ನೋಡೋಣ ಎನ್ನಿ. ಅಳತೆ ಪುಸ್ತಕ ತರಿಸಿ, ಒಂದು ಟೇಪು ನೀವೇ ಒಯ್ಯಿರಿ. ಚರಂಡಿ 60 ಮೀಟರ್ ಎಂದು ಬರೆದಿದ್ದರೆ ಆ ತುದಿಯಿಂದ ಈ ತುದಿಗೆ ಹಿಡಿದು ಅಳೆಯಿರಿ, ಬಂದ ಅಳತೆಯನ್ನು ಅಲ್ಲೇ ಜಮಾಬಂದಿ ವರದಿಯಲ್ಲಿ ಬರೆಯಿಸಿ ಸಹಿ ಹಾಕಿ.